ಸೂಜಿಕಣ್ಣಿನ ಬಾಗಿಲನ್ನು ಕಂಡವರು ಯಾರು?

ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳಿದ. ಆ ಸೂಜಿಕಣ್ಣು ಒಂದು ಬಾಗಿಲು ಎಂದು ಬೋಧಿಸುವವರಿದ್ದಾರೆ. ಆದರೆ ಯೆರೂಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಹೆಸರಿನ ಬಾಗಿಲು ಇತ್ತು ಎನ್ನುವುದಕ್ಕೆ ಯೇಸುವಿನ ಕಾಲದ ಯಾವ ಸಾಕ್ಷಿಯೂ ಇಲ್ಲ. ಇದನ್ನು ತರಗತಿಯಲ್ಲಿ ಹೇಳುತ್ತೇನೆ, ಸಭಾಪಾಲಕರ ಕೂಟಗಳಲ್ಲಿ ಹೇಳುತ್ತೇನೆ. ಮುಂದಿನ ಭಾನುವಾರ ಯಾವುದೋ ಸಭೆಯಲ್ಲಿ ಹೋಗಿ ಕೂತರೆ ಮತ್ತೆ ಅದೇ ಬಾಗಿಲು, ಅದೇ ಒಂಟೆ.

ಕಥೆ ನಿಮಗೂ ಗೊತ್ತಿರುತ್ತದೆ. ರಾತ್ರಿ ಪಟ್ಟಣದ ದೊಡ್ಡ ಬಾಗಿಲು ಮುಚ್ಚುತ್ತಿದ್ದರಂತೆ. ತಡವಾಗಿ ಬಂದ ವ್ಯಾಪಾರಿಗೆ ಪಕ್ಕದ ಕಿರುಬಾಗಿಲೇ ಗತಿ. ಒಂಟೆಯ ಮೇಲಿನ ಹೇರು ಇಳಿಸಬೇಕು, ಅದನ್ನು ಮಂಡಿಯೂರಿಸಬೇಕು, ಆಗ ಹೇಗೋ ಒಳಗೆ ನುಗ್ಗುತ್ತದೆ. ಹಾಗೆಯೇ ಐಶ್ವರ್ಯವಂತನೂ ಸ್ವಲ್ಪ ಬಗ್ಗಿದರೆ, ಸ್ವಲ್ಪ ಹೊರೆ ಇಳಿಸಿದರೆ, ದೇವರ ರಾಜ್ಯ ಸೇರಬಹುದು. ಕೇಳಲು ಚೆನ್ನಾಗಿದೆ. ಅದಕ್ಕೇ ಇದು ಸಾಯುವುದಿಲ್ಲ.

ಆದರೆ ಆ ಬಾಗಿಲನ್ನು ಕಂಡವರು ಯಾರು? ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಒಂದನೇ ಶತಮಾನದವನು, ಯೆರೂಸಲೇಮಿನವನೇ. ಪಟ್ಟಣದ ಮೂರು ಗೋಡೆಗಳನ್ನೂ ಗೋಪುರಗಳನ್ನೂ ವಿವರವಾಗಿ ಬರೆದಿದ್ದಾನೆ, ಕೆಲವು ಬಾಗಿಲುಗಳ ಹೆಸರನ್ನೂ ಹೇಳಿದ್ದಾನೆ. ಸೂಜಿಕಣ್ಣು ಅಲ್ಲಿಲ್ಲ. ಈ ವಿವರಣೆ ನಮಗೆ ಸಿಗುವುದು ಮಧ್ಯಯುಗದ ಯೂರೋಪಿನ ವ್ಯಾಖ್ಯಾನಗಳಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಶತಮಾನ ಕಳೆದಿತ್ತು.

ಒಮ್ಮೆ ಒಬ್ಬ ವಿದ್ಯಾರ್ಥಿ ಮೊಬೈಲ್ ತೆಗೆದು, “ಸರ್, ಫೋಟೋನೇ ಇದೆ. ನಮ್ಮ ಸಭೆಯವರು ಟೂರ್ ಹೋದಾಗ ಗೈಡ್ ತೋರಿಸಿದ್ದು” ಎಂದ. ನೋಡಿದೆ. ದೊಡ್ಡ ಕದದೊಳಗೆ ಒಂದು ಚಿಕ್ಕ ಕದ, ನಾವು ದಿಡ್ಡಿ ಬಾಗಿಲು ಅನ್ನುತ್ತೇವಲ್ಲ, ಅದು. ಅಂಥವು ನಮ್ಮ ಕೋಟೆಗಳಲ್ಲೂ ಇವೆ. ಆದರೆ ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮನ್ನು ಕೆಡವಿದರು. ಇವತ್ತು ಹಳೇ ಪಟ್ಟಣದ ಸುತ್ತ ಕಾಣುವ ಗೋಡೆ ಬಹುಪಾಲು ಒಟ್ಟೋಮನ್ ಸುಲ್ತಾನ ಸುಲೇಮಾನನದು. ಕಟ್ಟಿಸಿದ್ದು 1537ರಿಂದ 1541ರ ಸುಮಾರಿನಲ್ಲಿ, ಇಲ್ಲಿ ವಿಜಯನಗರವನ್ನು ಅಚ್ಯುತರಾಯ ಆಳುತ್ತಿದ್ದಾಗ. ಆ ಗೋಡೆಯ ಕದ ತೋರಿಸಿ ಯೇಸುವಿನ ಮಾತು ವಿವರಿಸಿದರೆ ಹೇಗೆ?

ಹುಡುಗ ಒಳ್ಳೆಯವನು. ಸ್ವಲ್ಪ ಹೊತ್ತು ಫೋಟೋ ನೋಡಿ, “ಹಾಗಾದ್ರೆ ಹಿನ್ನೆಲೆ ಹೇಳೋದೇ ಬೇಡ್ವಾ ಸರ್?” ಅಂದ.

ಬೇಕು, ಖಂಡಿತ ಬೇಕು. ಈ ಮಾತು ಬರುವ ಮಾರ್ಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಮುಂದೆ ಓದಿ. ಒಂಟೆಯ ಮಾತು ಕೇಳಿ ಶಿಷ್ಯರು ಬೆಚ್ಚಿಬೀಳುತ್ತಾರೆ. ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಕೇಳುತ್ತಾರೆ. ಹೇರು ಇಳಿಸಿ ಮಂಡಿಯೂರಿದರೆ ಆಗುವ ಕೆಲಸವಾಗಿದ್ದರೆ ಇಷ್ಟು ಗಾಬರಿ ಯಾಕೆ? ಯೇಸು ಕೂಡ, ಸ್ವಲ್ಪ ಕಷ್ಟ ಅಷ್ಟೇ ಅನ್ನುವುದಿಲ್ಲ. ಮನುಷ್ಯರಿಗೆ ಇದು ಅಸಾಧ್ಯ, ದೇವರಿಗೆ ಮಾತ್ರ ಸಾಧ್ಯ ಅನ್ನುತ್ತಾನೆ. ಆ ಗಾಬರಿಗೆ ಕಾರಣ ಆ ಜನ ಐಶ್ವರ್ಯವನ್ನು ನೋಡುತ್ತಿದ್ದ ರೀತಿ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 28ನೇ ಅಧ್ಯಾಯ ಕೇಳಿ ಬೆಳೆದವರು ಅವರು. ತುಂಬಿದ ಕಣಜ, ಹೆಚ್ಚುವ ದನಕರು, ಎಲ್ಲವೂ ದೇವರ ಆಶೀರ್ವಾದದ ಗುರುತು. ದಾನ ಕೊಡಲು, ಯಜ್ಞ ಅರ್ಪಿಸಲು ಕೈಯಲ್ಲಿ ಇದ್ದವನು ದೇವರಿಗೆ ಹತ್ತಿರದವನು ಎಂದೇ ತುಂಬಾ ಜನ ನಂಬಿದ್ದರು. ಅಂಥವನಿಗೇ ಆಗುವುದಿಲ್ಲ ಅಂದರೆ ಮೀನು ಹಿಡಿಯುವ ನಮ್ಮ ಗತಿಯೇನು ಎಂಬುದು ಪ್ರಶ್ನೆ. ಈ ಹಿನ್ನೆಲೆ ವಾಕ್ಯದ ಮೊನೆಯನ್ನು ಚೂಪು ಮಾಡುತ್ತದೆ. ಬಾಗಿಲಿನ ಕಥೆ ಅದೇ ಮೊನೆಯನ್ನು ಉಜ್ಜಿ ಮೊಂಡು ಮಾಡುತ್ತದೆ.

ಒಂಟೆ ಯಾಕೆ? ಆ ಸೀಮೆಯ ಜನ ದಿನಾ ನೋಡುತ್ತಿದ್ದ ಅತಿ ದೊಡ್ಡ ಪ್ರಾಣಿ ಅದು. ಯೆಹೂದ್ಯ ಗುರುಗಳ ಬೋಧನೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮೂದಿನಲ್ಲಿ ಇದೇ ಮಾತಿಗೆ ಆನೆ ಬರುತ್ತದೆ: ಮನುಷ್ಯನಿಗೆ ಕನಸಿನಲ್ಲೂ ಚಿನ್ನದ ಖರ್ಜೂರದ ಮರವಾಗಲಿ, ಸೂಜಿಕಣ್ಣಿನಲ್ಲಿ ಹಾದುಹೋಗುವ ಆನೆಯಾಗಲಿ ಕಾಣುವುದಿಲ್ಲ ಎಂದು. ತಾಲ್ಮೂದ್ ಯೇಸುವಿಗಿಂತ ಕೆಲವು ಶತಮಾನ ಈಚಿನದು. ಬಾಗಿಲಿಗೆ ಹಾಕಿದ ಅಳತೆಯನ್ನು ಇದಕ್ಕೂ ಹಾಕಬೇಕು. ಆ ಕಡೆಯ ಯೆಹೂದ್ಯರಲ್ಲಿ ಇಂಥ ಮಾತಿನ ಧಾಟಿ ಇತ್ತು ಎನ್ನುವಷ್ಟಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ. ನಾವೂ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅನ್ನುತ್ತೇವೆ. ಇಲ್ಲಿ ಆನೆ ಅಂದರೆ ಆನೆಯಲ್ಲ, ಅದು ಒಂದು ಹೊಲದ ಹೆಸರು ಎಂದು ಯಾರಾದರೂ ವಿವರಿಸಿದರೆ ಗಾದೆ ಉಳಿಯುತ್ತದೆಯೇ?

ಬೋಧಕರ ಕಷ್ಟ ನನಗೆ ಅರ್ಥವಾಗುತ್ತದೆ. ಸಭೆಗೆ ಸೂರು ಹಾಕಿಸಿಕೊಟ್ಟವರು ಎದುರಿಗೇ ಕೂತಿರುತ್ತಾರೆ. ಅವರ ಮುಖ ನೋಡಿಕೊಂಡು ಈ ವಾಕ್ಯ ಓದುವುದು ಸುಲಭವಲ್ಲ. ಆದರೂ ಅವರಿಗೆ ಇಡೀ ವಾಕ್ಯ ಕೇಳುವ ಹಕ್ಕಿದೆ. ಅದರಲ್ಲಿ ದೇವರಿಗೆ ಸಾಧ್ಯ ಎಂಬ ಭರವಸೆಯೂ ಇದೆ, ಅಲ್ವಾ?

ವಾಟ್ಸಾಪಿನಲ್ಲಿ ಸುತ್ತುವ ಇನ್ನೆರಡು ಕಥೆಗಳಿಗೂ ಇದೇ ಪ್ರಶ್ನೆ ಕೇಳಿ. ದೇವಾಲಯದ ಅತಿ ಪವಿತ್ರ ಸ್ಥಳದೊಳಗೆ ಸತ್ತರೆ ಹೊರಗೆಳೆಯಲೆಂದು ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು ಎಂಬುದು ಸತ್ಯವೇದದಲ್ಲಿಲ್ಲ, ಅದು ಮಧ್ಯಯುಗದ ಬರಹಗಳಿಂದ ಬಂದದ್ದು. ಯೇಸುವಿನ ಸಮಾಧಿಯಲ್ಲಿ ಮಡಿಸಿಟ್ಟ ಬಟ್ಟೆ ‘ಯಜಮಾನ ಮತ್ತೆ ಬರುತ್ತಾನೆ’ ಎಂಬ ಯೆಹೂದ್ಯರ ಊಟದ ಸಂಕೇತ ಎಂಬುದಕ್ಕೆ ಹಳೆಯ ಆಧಾರವೇ ಸಿಕ್ಕಿಲ್ಲ.

ಸಾಕ್ಷಿ ಇರುವ ಹಿನ್ನೆಲೆ ಹೇಗಿರುತ್ತದೆ? ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆ, 3ನೇ ಅಧ್ಯಾಯ, ಲವೊದಿಕೀಯದ ಸಭೆ. ನೀನು ತಣ್ಣಗಾಗಲಿ ಬಿಸಿಯಾಗಲಿ ಇದ್ದಿದ್ದರೆ ಚೆನ್ನಾಗಿತ್ತು, ಉಗುರುಬೆಚ್ಚಗಿರುವುದರಿಂದ ನಿನ್ನನ್ನು ಬಾಯಿಂದ ಉಗುಳುತ್ತೇನೆ ಎಂಬ ಮಾತು ಅಲ್ಲಿದೆ. ಬಿಸಿ ಅಂದರೆ ಭಕ್ತ, ತಣ್ಣಗೆ ಅಂದರೆ ಅವಿಶ್ವಾಸಿ, ಉಗುರುಬೆಚ್ಚಗೆ ಅಂದರೆ ಅರೆಮನಸ್ಸಿನವನು ಎಂದು ಬೋಧಿಸುತ್ತೇವೆ. ಹಾಗಾದರೆ ದೇವರು ನಾವು ಅವಿಶ್ವಾಸಿಗಳಾಗಿದ್ದರೂ ಪರವಾಗಿಲ್ಲ ಅಂದನೇ? ಲವೊದಿಕೀಯ ಇದ್ದದ್ದು ಇಂದಿನ ಟರ್ಕಿಯ ದೆನಿಜ್ಲಿ ಊರಿನ ಹತ್ತಿರ. ಉತ್ತರಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಹಿಯರಾಪೊಲಿ, ಬಿಸಿನೀರಿನ ಬುಗ್ಗೆಗಳ ಊರು. ಸುಣ್ಣ ಇಳಿದು ಬೆಳ್ಳಗಾದ ಅಲ್ಲಿನ ಗುಡ್ಡ ದೂರಕ್ಕೇ ಕಾಣುತ್ತದೆ. ಇನ್ನೊಂದು ಕಡೆ ಬೆಟ್ಟದ ತಪ್ಪಲಲ್ಲಿ ಕೊಲೊಸ್ಸೆ, ಅಲ್ಲಿ ತಣ್ಣನೆಯ ಹರಿವ ನೀರು. ಪೌಲನ ಕೊಲೊಸ್ಸೆಯ ಪತ್ರ 4:13ರಲ್ಲಿ ಲವೊದಿಕೀಯ, ಹಿಯರಾಪೊಲಿ ಎರಡೂ ಒಟ್ಟಿಗೇ ಬರುತ್ತವೆ. ಲವೊದಿಕೀಯಕ್ಕೆ ನೀರು ದಕ್ಷಿಣದಿಂದ ಕಲ್ಲಿನ ಕೊಳವೆಯಲ್ಲಿ ಬರಬೇಕಿತ್ತು. ಆ ಕೊಳವೆಗಳು ಇನ್ನೂ ಅಲ್ಲಿವೆ, ಒಳಗೆ ಸುಣ್ಣ ಪದರ ಪದರವಾಗಿ ಕಟ್ಟಿಕೊಂಡಿದೆ. ಮೈಕೈ ನೋವಿಗೆ ಬಿಸಿನೀರು, ದಾಹಕ್ಕೆ ತಣ್ಣೀರು. ಎರಡೂ ಒಳ್ಳೆಯದೇ. ಎರಡೂ ಅಲ್ಲದ್ದನ್ನು ಬಾಯಿಗೆ ಹಾಕಿದರೆ ಉಗುಳಬೇಕಾಗುತ್ತದೆ. ಕ್ರಿ.ಶ. 60ರ ಭೂಕಂಪದ ನಂತರ ಈ ಊರು ರೋಮಿನ ನೆರವಿಲ್ಲದೆ ತನ್ನ ದುಡ್ಡಿನಲ್ಲೇ ಎದ್ದು ನಿಂತಿತು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಅದನ್ನು ಓದಿ ಪ್ರಕಟನೆಯ ಅದೇ ಅಧ್ಯಾಯದ 17ನೇ ವಚನಕ್ಕೆ ಬನ್ನಿ. ‘ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ’ ಎಂಬ ಮಾತು ಯಾರ ಬಾಯಿಂದ ಬಂದದ್ದು ಎಂದು ತಿಳಿಯುತ್ತದೆ.

ಇಲ್ಲೂ ಒಂದು ಎಚ್ಚರಿಕೆ. ಲವೊದಿಕೀಯದ ನೀರು ಗಡುಸಾದರೂ ಕುಡಿಯಬಹುದಾದ ನೀರು ಎಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಹೇಳುತ್ತಾನೆ. ಆದ್ದರಿಂದ ಕೆಲವು ವಿದ್ವಾಂಸರು ಇದನ್ನು ಊಟದ ಪಂಕ್ತಿಯ ಮಾತು ಎನ್ನುತ್ತಾರೆ. ಆ ಕಾಲದಲ್ಲಿ ಅತಿಥಿಗೆ ದ್ರಾಕ್ಷಾರಸವನ್ನು ಬಿಸಿಯಾಗಿಯೋ ತಣ್ಣಗೋ ಕೊಡುತ್ತಿದ್ದರು, 20ನೇ ವಚನದಲ್ಲೂ ಊಟದ ಮಾತೇ ಬರುತ್ತದೆ. ನನ್ನ ಒಲವು ಕೊಳವೆಯ ಕಡೆಗೇ ಜಾಸ್ತಿ, ಆದರೆ ಪಂಕ್ತಿಯನ್ನು ತಳ್ಳಿಹಾಕಲಾರೆ. ಎರಡರಲ್ಲೂ ತಣ್ಣನೆಯದು ಬೇಕಾದದ್ದೇ. ಪ್ರಸಂಗದಲ್ಲಿ ಎರಡನ್ನೂ ಹೇಳಿ, ಯಾವುದಕ್ಕೆ ಏನು ಆಧಾರ ಎಂಬುದನ್ನೂ ಹೇಳಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.