ಕಂಬದ ಬುಡಕ್ಕೆ ರಾಡ್ ಹೊಡೆಸಿದರೆ ಮುಗಿಯಿತೇ?

ಬಡಾವಣೆಯ ಪಾರ್ಕಿಗೋ ತೋಟದ ಮನೆಗೋ ದೀಪದ ಕಂಬ ಹಾಕಿಸುವವರು ಕೇಬಲ್ ಹೂಳಲು ಮುಕ್ಕಾಲು ಮೀಟರ್ ಆಳ, ಲೋಹದ ತಂತಿಯ ಕವಚವಿರುವ ಆರ್ಮರ್ಡ್ ಕೇಬಲ್, ದಾರಿ ದಾಟುವಲ್ಲಿ ಪೈಪ್, ಇಷ್ಟನ್ನು ಸಾಮಾನ್ಯವಾಗಿ ಸರಿಯಾಗಿಯೇ ಮಾಡಿಸುತ್ತಾರೆ. ಅರ್ಥಿಂಗ್ (ಸೋರಿದ ಕರೆಂಟಿಗೆ ನೆಲಕ್ಕೆ ದಾರಿ) ಬಗ್ಗೆ ಕೇಳಿದರೆ ಮಾತ್ರ ಎಲ್ಲೆಡೆ ಒಂದೇ ಉತ್ತರ: "ಕಂಬಕ್ಕೊಂದು ರಾಡ್ ಹೊಡೆಸಿದ್ದೀವಿ ಸಾರ್, ಉಪ್ಪು, ಇದ್ದಿಲು ಎಲ್ಲಾ ಹಾಕಿಸಿದ್ದೀವಿ."

ದಯವಿಟ್ಟು ಈ ಲೆಕ್ಕ ನೋಡಿ. ಕಂಬದೊಳಗೆ ಫೇಸ್ ವೈರ್ ಸವೆದು ಕಬ್ಬಿಣಕ್ಕೆ ತಾಗಿತು ಅನ್ನಿ. ರಾಡಿನ ರೆಸಿಸ್ಟೆನ್ಸ್ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಸುಮಾರು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ಬಿದ್ದು ಲೈನ್ ಕಡಿಯುವ ಸ್ವಿಚ್) ಅದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಕಂಬದಲ್ಲಿ ಕರೆಂಟೂ ಇರುತ್ತದೆ. ಎಷ್ಟು ಉಪ್ಪು ಸುರಿದರೂ ರಾಡ್ ತಾನಾಗಿ ಲೈನ್ ಕಡಿಯುವುದಿಲ್ಲ. ಕಡಿಯಬೇಕಾದದ್ದು ಕರೆಂಟ್ ಸೋರಿಕೆ ಗುರುತಿಸುವ ಸ್ವಿಚ್, ಅಂದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದಿದ್ದರೆ ಆ ಹನ್ನೊಂದೂವರೆ ಆಂಪಿಯರಿನ ಸಣ್ಣ ಪಾಲು ಸೋರಿದರೂ ಕ್ಷಣದಲ್ಲಿ ಬೀಳುತ್ತದೆ. ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಅರ್ಥ್ ವೈರ್ ಕೇಬಲ್ ಜೊತೆಗೇ ಪ್ಯಾನೆಲ್‌ವರೆಗೆ ಬಂದು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅರ್ಥಿಗೆ ಸೇರಿದ್ದರೆ, ಮಣ್ಣಿನ ಬದಲು ತಂತಿಯಲ್ಲೇ ಹೆಚ್ಚು ಕರೆಂಟ್ ಹರಿದು ಎಂಸಿಬಿಯೂ ಬೀಳಬಹುದು. ಆದರೆ ಲೈನಿನ ಉದ್ದ, ವೈರಿನ ದಪ್ಪ ಅಳೆಯದೆ ಹಾಗೆಂದು ಖಚಿತವಾಗಿ ಹೇಳಲಾರೆ.

ಶಿವಮೊಗ್ಗದ ಕಡೆ ಒಂದು ಬಡಾವಣೆಯಲ್ಲಿ ವಾಚ್‌ಮನ್ ಅಜ್ಜ ಕಂಬವೊಂದಕ್ಕೆ ಎದೆಮಟ್ಟ ಗೊಬ್ಬರದ ಚೀಲ ಸುತ್ತಿ ಹಗ್ಗ ಕಟ್ಟಿದ್ದರು. "ಮಳೆ ಬಂದ್ರೆ ಜುಮ್ ಅಂತೈತೆ ಸ್ವಾಮಿ, ಹುಡುಗ್ರು ಮುಟ್ಟಿದ್ರೆ ಏನ್ ಗತಿ?" ಸಂಘದವರಿಗೆ ಹೇಳಿ ಹೇಳಿ ಸೋತಿದ್ದರಂತೆ. ಬುಡದ ಬಾಗಿಲು ತೆಗೆದರೆ ಒಳಗೆ ಇರುವೆ ಮಣ್ಣು. ಜಾಯಿಂಟಿನ ಕಪ್ಪು ಟೇಪು ಅಂಟು ಬಿಟ್ಟು ಜೋತಾಡುತ್ತಿತ್ತು. ಆರ್ಮರ್ ತಂತಿಗಳನ್ನು ಗಿಡ್ಡಕ್ಕೆ ಕತ್ತರಿಸಿ ಹಿಂದಕ್ಕೆ ಮಡಚಿದ್ದರು, ಅವನ್ನು ಬಿಗಿದು ಅರ್ಥಿಗೆ ಜೋಡಿಸುವ ಗ್ಲ್ಯಾಂಡೂ ಇಲ್ಲ, ಲಗ್ಗೂ ಇಲ್ಲ. ಪ್ಯಾನೆಲಿನಲ್ಲಿ ಆರ್‌ಸಿಸಿಬಿ ಜಾಗ ಖಾಲಿ. ಕೇಳಿದರೆ ಸಂಘದವರ ಉತ್ತರ: "ಮಳೆಗಾಲದಲ್ಲಿ ಪದೇ ಪದೇ ಬೀಳುತ್ತಿತ್ತು, ತೆಗೆಸಿಬಿಟ್ವಿ."

ಅದು ಬೀಳುತ್ತಿದ್ದದ್ದು ಈ ಕಂಬದಿಂದಲೇ! ಇಂಥದ್ದು ಕೇಳಿದಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಪದೇ ಪದೇ ಬೀಳುತ್ತಿದ್ದರೆ ಸಪ್ಲೈ ಆಫ್ ಮಾಡಿಸಿ, ಲೈಸೆನ್ಸ್ ಇರುವವರಿಂದ ಕಂಬಗಳನ್ನು ಒಂದೊಂದಾಗಿ ಬಿಡಿಸಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ, ಸೋರುವ ಜಾಗ ಸಿಕ್ಕೇ ಸಿಗುತ್ತದೆ. ಎಲ್ಲ ಕಂಬಕ್ಕೂ ಒಂದೇ ಆರ್‌ಸಿಸಿಬಿ ಬೇಡ, ನಾಲ್ಕೈದು ಕಂಬಕ್ಕೊಂದು ಇರಲಿ. ಒಂದು ಕೆಟ್ಟರೆ ಪಾರ್ಕೆಲ್ಲ ಕತ್ತಲಾಗುವುದಿಲ್ಲ, ತೆಗೆಸಿಬಿಡಿ ಎನ್ನುವ ಒತ್ತಾಯವೂ ಬರುವುದಿಲ್ಲ.