14 ಮಾತ್ರೆ ಸರಿ, ಆದರೂ ಸಾಲು ತಪ್ಪು: ಭಾಮಿನಿ ಷಟ್ಪದಿ ಬರೆಯುವವರಿಗೆ ಟಿಪ್ಪಣಿ

ಲಘು-ಗುರು ಗುರುತಿಸಲು ಬರುತ್ತದೆ ಎಂದುಕೊಂಡೇ ಮುಂದುವರಿಯುತ್ತೇನೆ. ದೀರ್ಘ, ಐ, ಔ, ಅನುಸ್ವಾರ-ವಿಸರ್ಗ ಇದ್ದದ್ದು, ಒತ್ತಕ್ಷರದ ಹಿಂದಿನದು ಗುರು, ಉಳಿದದ್ದು ಲಘು. ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ ಮಾತ್ರೆ: ಲಘುವಿಗೆ 1, ಗುರುವಿಗೆ 2. ಸದ್ಯಕ್ಕೆ ಇಷ್ಟು ಸಾಕು.

ಚೌಕಟ್ಟು: ಆರು ಸಾಲು. 1, 2, 4, 5ನೆಯವು 3+4+3+4ರ ಗಣಗಳು (ಮಾತ್ರೆಗಳ ಗುಂಪುಗಳು), ಅಂದರೆ 14 ಮಾತ್ರೆ. 3 ಮತ್ತು 6ನೆಯವು ಅದರ ಒಂದೂವರೆಯಷ್ಟು, ಜೊತೆಗೆ ಕೊನೆಗೊಂದು ಗುರು: 21+2=23. ಪದ್ಯಕ್ಕೆ ಒಟ್ಟು 102.

ಎಡವುವ ಜಾಗ

ಒಟ್ಟು ಎಣಿಸಿ 14 ಬಂತೆಂದು ಪೆನ್ನು ಕೆಳಗಿಡಬೇಡಿ. ಈ ಎರಡು ಸಾಲು ನೋಡಿ:

ಹಳೆಯ ಗೋಡೆಯ ಮೇಲೆ ಬಳ್ಳಿಯು
ಹಳೆ ಗೋಡೆಯ ಮೇಲಿನ ಬಳ್ಳಿಯು

ಎರಡರಲ್ಲೂ 14 ಮಾತ್ರೆ. ಮೊದಲನೆಯದು ಹಳೆಯ (3) | ಗೋಡೆಯ (4) | ಮೇಲೆ (3) | ಬಳ್ಳಿಯು (4) ಎಂದು ಸಲೀಸಾಗಿ ಒಡೆಯುತ್ತದೆ. ಎರಡನೆಯದರಲ್ಲಿ ಹ, ಳೆ ಸೇರಿ 2. ಮೂರನೆಯ ಮಾತ್ರೆ ಬೀಳುವುದು 'ಗೋ' ಎಂಬ ಗುರುವಿನ ನಡುವೆ. ಗುರುವನ್ನು ಎರಡು ಗಣಕ್ಕೆ ಹಂಚುವಂತಿಲ್ಲ. ಆದ್ದರಿಂದ ಸಾಲು 2+4+4+4 ಆಗಿ ಚತುರ್ಮಾತ್ರೆಯ ನಡೆಗೆ ಜಾರಿತು, ಭಾಮಿನಿ ಕೆಟ್ಟಿತು. ಎಣಿಸುವಾಗ 3, 7, 10, 14ಕ್ಕೆ ನಿಂತು ನೋಡಿ: ಆ ನಾಲ್ಕೂ ಕಡೆ ಒಂದು ಅಕ್ಷರ ಪೂರ್ತಿ ಮುಗಿದಿರಬೇಕು. ಪದ ಮುಗಿಯಬೇಕೆಂದಿಲ್ಲ, ಅಕ್ಷರ ಮುಗಿದರಾಯಿತು.

ಇನ್ನೊಂದು ಮೋಸ: 'ಗೋಡೆಯ ಮೇಲೆ ಹಳೆಯ ಬಳ್ಳಿಯು'. ಇದು 3, 7, 10, 14ರ ಪರೀಕ್ಷೆಯಲ್ಲಿ ಪಾಸು. ಆದರೆ ಎರಡನೆಯ ಗಣ 'ಯ ಮೇಲೆ', ಲಘು-ಗುರು-ಲಘು. ಇದಕ್ಕೆ ಜಗಣ ಎಂದು ಹೆಸರು; ಅದು ಬಂದಲ್ಲಿ ಓದು ಮುಗ್ಗರಿಸುತ್ತದೆ. ಮೂರು ಮಾತ್ರೆಯ ಗಣವೂ ಲಘು-ಗುರು ಆಗಬಾರದು. ಗಟ್ಟಿಯಾಗಿ ಓದಿದರೆ ಎರಡೂ ಕಿವಿಗೇ ಸಿಕ್ಕಿಬೀಳುತ್ತವೆ.

ಉಳಿದದ್ದು

ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ. 'ಹಳೆಯ' ಎಂದು ಶುರುವಾದರೆ ಮುಂದಿನ ಸಾಲು 'ಮಳೆಯ ನೀರಿಗೆ ತೊಳೆದು ನಿಂತಿದೆ' ಆಗಬಹುದು. 'ಬಾಳೆ' ಆಗದು, ಏಕೆಂದರೆ ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಆರೂ ಕಡೆ ಹ್ರಸ್ವವೇ ಬೇಕು. ಸಾಲಿನ ಕೊನೆಯಲ್ಲಿ ಪದ ತುಂಡಾಗಿ ಮುಂದಿನ ಸಾಲಿಗೆ ಹೋಗುವುದು ತಪ್ಪಲ್ಲ. ಆಗಲೂ ಪ್ರಾಸ ಲೆಕ್ಕವಾಗುವುದು ಸಾಲಿನ ಎರಡನೆಯ ಅಕ್ಷರಕ್ಕೇ, ಪದದ ಎರಡನೆಯದಕ್ಕಲ್ಲ.

ಮೂರನೆಯ ಸಾಲು: 'ಬೆಳಗಿನೆಳೆಬಿಸಿಲಲ್ಲಿ ಹಕ್ಕಿಯು ಕೂತು ಹಾಡುತಿದೆ'. ಕೊನೆಯ 'ದೆ' ಲಘು, ಆದರೂ ಆ ಸ್ಥಾನದಲ್ಲಿ ಗುರು ಎಂದೇ ಎಣಿಕೆ.

ವಿಮರ್ಶೆ ಬರೆಯುವಾಗ

ಪರೀಕ್ಷೆಯ ಉತ್ತರಕ್ಕೆ ಪ್ರಸ್ತಾರ (ಅಕ್ಷರಗಳಿಗೆ ಲಘು-ಗುರು ಗುರುತು ಹಾಕುವುದು), ಗಣ ವಿಭಾಗ, ಹೆಸರು, ಲಕ್ಷಣ ಸಾಕು. ಪ್ರಬಂಧಕ್ಕೆ ಸಾಲದು. 'ಇದು ಭಾಮಿನಿಯಲ್ಲಿದೆ' ಎನ್ನುವುದು ಬರೀ ಗುರುತು, ವಾದವಲ್ಲ. ಮಾತು ಮೂರನೆಯ ಸಾಲಿಗೆ ಮುಗಿಯಿತೇ, ನಾಲ್ಕಕ್ಕೆ ಹರಿಯಿತೇ? ಆ ಕೊನೆಯ ಗುರುವಿನ ಮೇಲೆ ಯಾವ ಪದ ಕೂತಿದೆ? ಅದರಿಂದ ಅರ್ಥಕ್ಕೆ ಏನಾಯಿತು? ಇಲ್ಲಿಂದ ವಾಕ್ಯ ಶುರುಮಾಡಿ, ಪ್ರಸ್ತಾರವನ್ನು ಆಧಾರವಾಗಿ ಕೆಳಗೆ ಕೊಡಿ. ಕುಮಾರವ್ಯಾಸನ ಪದ್ಯವಾದರೆ ಪರ್ವ, ಸಂಧಿ, ಪದ್ಯಸಂಖ್ಯೆ ಮೂರನ್ನೂ ಬರೆಯಿರಿ. ಪದ್ಯಸಂಖ್ಯೆ ಒಂದೇ ಇದ್ದರೆ ಓದುವವರಿಗೆ ಪದ್ಯ ಸಿಗುವುದಿಲ್ಲ.