ಓದುಗರ ಪ್ರಶ್ನೆ: ಪಾಠಕ್ಕೆಂದು ಪುಸ್ತಕವನ್ನು ಎಷ್ಟು ಪುಟ ಜೆರಾಕ್ಸ್ ಮಾಡಿಸಬಹುದು?

ಪ್ರಶ್ನೆ: ನಾನು ಶಿರಸಿಯ ಪದವಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ದಿನಕರ ದೇಸಾಯಿಯವರ ಕೆಲವು ಚುಟುಕಗಳನ್ನೂ ಅವುಗಳ ಕುರಿತ ವಿಮರ್ಶೆಯ ಒಂದು ಅಧ್ಯಾಯವನ್ನೂ ಜೆರಾಕ್ಸ್ ಮಾಡಿಸಿ ತರಗತಿಯಲ್ಲಿ ಹಂಚಬೇಕೆಂದಿದ್ದೇನೆ. ಪುಸ್ತಕದ ಶೇಕಡಾ 10ನ್ನು ಮೀರುವಂತಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ?

ಉತ್ತರ: ನೀವು ಧಾರಾಳವಾಗಿ ಹಂಚಬಹುದು. ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ. ಲೇಖಕರ ಕಾಲಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುವುದರಿಂದ ಅವರು ಪ್ರಕಟಿಸಿದ ಚುಟುಕಗಳಿಗೆ 2042ರ ಕೊನೆಯವರೆಗೂ ರಕ್ಷಣೆಯಿದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52, ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಮಾಡಿಕೊಳ್ಳುವ ಪ್ರತಿಯನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ, ಮತ್ತು ಅಲ್ಲಿ ಶೇಕಡಾವಾರು ಮಿತಿಯ ಮಾತೇ ಇಲ್ಲ. ಉದ್ದೇಶ, ಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮಾರಾಟದ ಮೇಲಿನ ಪರಿಣಾಮ ಎಂದು ಅಂತರ್ಜಾಲದಲ್ಲಿ ಓಡಾಡುವ ನಾಲ್ಕು ಅಳತೆಗೋಲುಗಳೂ ಅಮೆರಿಕದ ಕಾಯ್ದೆಯವು.

ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಅಂಗಡಿಯು ಪಠ್ಯಕ್ರಮಕ್ಕೆ ಬೇಕಾದ ಪುಸ್ತಕಭಾಗಗಳನ್ನು ಜೆರಾಕ್ಸ್ ಮಾಡಿ, ಕಟ್ಟು ಕಟ್ಟಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದುದನ್ನು ತಡೆಯಬೇಕೆಂದು ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. ಪುಟಗಳ ಸಂಖ್ಯೆ ಎಷ್ಟೆಂಬುದಲ್ಲ, ಆ ಪಾಠಕ್ಕೆ ಅಷ್ಟು ಭಾಗ ಬೇಕಿತ್ತೇ ಎಂಬುದೇ ಮುಖ್ಯವೆಂದು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂಪಡೆದರು. ದೆಹಲಿಯ ತೀರ್ಪು ನಮ್ಮ ಧಾರವಾಡ ಪೀಠವನ್ನು ಬಂಧಿಸುವುದಿಲ್ಲವಾದರೂ ಅದರ ತರ್ಕಕ್ಕೆ ತೂಕವಿದೆ.

ಆದ್ದರಿಂದ ನಿಮ್ಮ ಪಾಠಯೋಜನೆಯಲ್ಲಿ ಆ ಅಧ್ಯಾಯದ ಹೆಸರಿರಲಿ, ಪ್ರತಿಯ ಮೇಲೆ ಲೇಖಕರ ಮತ್ತು ಪ್ರಕಾಶಕರ ಹೆಸರಿರಲಿ. ಅದನ್ನೇ ಪಿಡಿಎಫ್ ಮಾಡಿ ಊರಿಗೆಲ್ಲ ಕಾಣುವಂತೆ ಜಾಲತಾಣದಲ್ಲಿ ಹಾಕಿದರೆ ಅದು ಬೋಧನೆಯೆಂದು ವಾದಿಸುವುದು ಕಷ್ಟ.

ಯಕ್ಷಗಾನಕ್ಕೂ ಇಂಥದೇ ವಿನಾಯಿತಿಯಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಬಗ್ಗೆ 2009ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ಪ್ರದರ್ಶನಕ್ಕೆ ತಡೆಯಾಜ್ಞೆಯಿದ್ದರೂ ಕಾಯ್ದೆಯ ಚೌಕಟ್ಟಿನೊಳಗೆ ಶಿಕ್ಷಣ ಸಂಸ್ಥೆಯು ನಡೆಸುವ ಪ್ರದರ್ಶನಕ್ಕೆ ಅದು ಅನ್ವಯಿಸದು ಎಂದಿತು. ಆ ಚೌಕಟ್ಟೆಂದರೆ ಆಡುವವರು ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು; ನೋಡುವವರು ಅವರೂ ವಿದ್ಯಾರ್ಥಿಗಳ ಪಾಲಕರೂ ಸಂಸ್ಥೆಯ ಚಟುವಟಿಕೆಗಳಿಗೆ ನೇರ ಸಂಬಂಧಪಟ್ಟವರೂ ಮಾತ್ರ. ಟಿಕೆಟ್ ಇಟ್ಟು ಊರವರನ್ನು ಕರೆದರೆ ಈ ವಿನಾಯಿತಿ ಸಿಗದು.

ಇನ್ನು ಕಾಲೇಜೇ ಪಠ್ಯ ಸಂಕಲನವೊಂದನ್ನು ಅಚ್ಚು ಹಾಕಿಸುವುದಾದರೆ ಲೆಕ್ಕ ಇಟ್ಟುಕೊಳ್ಳಲೇಬೇಕು: ಒಬ್ಬ ಲೇಖಕರ ಕೃತಿಗಳಿಂದ ಒಬ್ಬ ಪ್ರಕಾಶಕರು 5 ವರ್ಷಗಳಲ್ಲಿ 2 ಕಿರುಭಾಗಗಳನ್ನಷ್ಟೇ ಅನುಮತಿಯಿಲ್ಲದೆ ಸೇರಿಸಬಹುದು.